ಹೂಗಾರ ಓಣಿಯ ವೈಫೈ ಡಬ್ಬಿ

ನಾನೊಂದು ರೌಟರ್. ಈ ಹೆಸರಿನಿಂದ ನನ್ನನ್ನು ಕರೆದವರು ಕಡಿಮೆ. ಧಾರವಾಡದ ಹೂಗಾರ ಓಣಿಯಲ್ಲಿ ನಾನು ‘ವೈಫೈ ಡಬ್ಬಿ’. ಡಬ್ಬಿ ಅಂದಿದ್ದಕ್ಕೆ ನನಗೆ ಬೇಸರವಿಲ್ಲ, ‘ಬರೀ ಡಬ್ಬಿ’ ಅಂದವರನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ. ಹೊರಗಿನ ಜಗತ್ತು ತಂತಿಯಲ್ಲಿ ಹರಿದು ಮನೆಯೊಳಗೆ ಬರಬೇಕಾದರೆ ನನ್ನನ್ನು ದಾಟಿಯೇ ಬರಬೇಕು. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವೂ ನನ್ನ ಬೆನ್ನ ಹಿಂದೆ ನಿಂತುಕೊಂಡೇ ಲೋಕದ ಜೊತೆ ಮಾತಾಡುತ್ತವೆ. ಬಾಗಿಲು ಕಾಯುವವನನ್ನು ಬರೀ ಡಬ್ಬಿ ಅನ್ನಬಹುದೇ? ನೀವೇ ಹೇಳಿ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಹಸಿರು ಹಲಗೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಭಾಗಗಳನ್ನು ಯಂತ್ರವೊಂದು ಟಕಟಕನೆ ಕೂರಿಸಿತು. ಬೆಸುಗೆ ಬಿತ್ತು, ಬಿಳಿ ಪ್ಲಾಸ್ಟಿಕ್ಕಿನ ಅಂಗಿ ಬಂತು, ತಲೆಯ ಮೇಲೆ ಎರಡು ಕೊಂಬು ನಿಂತವು. ಕೊಂಬು ಬಂದ ಗಳಿಗೆಯಿಂದ ನನಗೆ ತುಸು ಸೊಕ್ಕೂ ಬಂತು. ಆಮೇಲೆ ಹೊಟ್ಟೆಗೆ ಒಂದು ಚೀಟಿ ಅಂಟಿಸಿದರು. ಆ ಚೀಟಿಯೇ ನನ್ನ ಹಣೆಬರಹ.

ನಮ್ಮವರಿಗೆ ಎರಡು ಕೀಲಿ. ಒಂದು, ಇಂಟರ್ನೆಟ್ ಬಳಸಲು ಬಂದವರಿಗೆ ಕೊಡುವ ವೈಫೈ ಪಾಸ್‌ವರ್ಡ್. ಇನ್ನೊಂದು, ನನ್ನ ಹೊಟ್ಟೆಯನ್ನೇ ತೆರೆದು ಯಾವ ಬಾಗಿಲು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಅಪ್ಪಣೆ ಕೊಡುವ ಯಜಮಾನನ ಕೀಲಿ. ಆ ಚೀಟಿಯ ಮೇಲೆ ಬರೆದಿದ್ದ ನನ್ನ ಯಜಮಾನನ ಕೀಲಿ ‘ಅಡ್ಮಿನ್’ ಅನ್ನುವ ಒಂದೇ ಪದ. ನನ್ನ ಹಿಂದೆ ಹುಟ್ಟಿದವನಿಗೂ ಅದೇ, ಮುಂದೆ ಹುಟ್ಟಿದವನಿಗೂ ಅದೇ. ಮನೆಗೆ ಒಯ್ದ ಕೂಡಲೇ ಇದನ್ನು ಬದಲಿಸಿ ಎಂದು ಪೆಟ್ಟಿಗೆಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಅದನ್ನು ಯಾರು ಓದುತ್ತಾರೆ? ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕಾವಲುಗಾರ ಅಂತ ಮಾಡಿ, ಊರಿಗೆಲ್ಲ ಗೊತ್ತಿರುವ ಕೀಲಿಯನ್ನು ಕೊರಳಿಗೆ ಕಟ್ಟಿ ಕಳಿಸಿದರು.

ಮೊದಲು ನಾನು ಸೇರಿದ್ದು ಹುಬ್ಬಳ್ಳಿಯ ಒಂದು ಕೋಚಿಂಗ್ ಸೆಂಟರನ್ನು. ನನ್ನನ್ನು ಗೋಡೆಗೆ ಹಾಕಿದ ಮನುಷ್ಯ ಮಹಾ ಸೋಮಾರಿ. ಏನಾದರೂ ಕೆಟ್ಟರೆ ಹುಡುಕಿಕೊಂಡು ಬರುವುದು ಯಾರು ಅಂತ, ತನ್ನ ಮನೆಯಲ್ಲೇ ಕೂತು ರಿಪೇರಿ ಮಾಡಲು ಅನುಕೂಲವಾಗಲಿ ಎಂದು ನನ್ನ ಹೊರಬಾಗಿಲೊಂದನ್ನು ತೆರೆದಿಟ್ಟ. ಮುಂದೆ ಸೆಂಟರ್ ಮುಚ್ಚಿತು. ಬೆಂಚು, ಬೋರ್ಡು, ಫ್ಯಾನುಗಳ ಜೊತೆ ನಾನೂ ಹಳೇ ಸಾಮಾನಿನ ಅಂಗಡಿಗೆ ಬಂದೆ. ಹೊಟ್ಟೆಯಲ್ಲಿದ್ದದ್ದನ್ನು ಅಳಿಸಿ ಮಾರಬೇಕು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ತೆರೆದ ಬಾಗಿಲು ತೆರೆದೇ ಇತ್ತು.

ಅಲ್ಲಿಂದ ನನ್ನನ್ನು ಕೊಂಡವನು ವೀರಣ್ಣ. ಧಾರವಾಡದಲ್ಲಿ ಬಸ್ ಡಿಪೋದ ಮೆಕ್ಯಾನಿಕ್. ಹಳೇ ಸಾಮಾನು ಕಂಡರೆ ಜೀವ ಬಿಡುವ ಮನುಷ್ಯ. ‘ಹೊಸಾದರ ಅಪ್ಪ ಐತಿ ಇದು’ ಎಂದು ನನ್ನನ್ನು ಎದೆಗವಚಿಕೊಂಡು ಮನೆಗೆ ತಂದ. ಕೇಬಲ್‌ನವನು ಬಂದು, ಇಂಟರ್ನೆಟ್ ಬರಲು ಎಷ್ಟು ಬೇಕೋ ಅಷ್ಟನ್ನೇ ಬದಲಿಸಿ, ಚಹಾ ಕುಡಿದು ಹೋದ. ವೈಫೈ ಪಾಸ್‌ವರ್ಡ್ ಒಂದರಿಂದ ಎಂಟು. ಯಜಮಾನನ ಕೀಲಿ ಹುಟ್ಟಿದಾಗಿನದೇ.

ಹೂಗಾರ ಓಣಿಯ ಮನೆಗಳ ರೀತಿಯನ್ನು ಇಲ್ಲಿ ಹೇಳಬೇಕು. ಬೀದಿಗೆ ಹತ್ತಿದ ಹಾಗೆ ಕಟ್ಟೆ, ಕಟ್ಟೆಯ ಹಿಂದೆ ಪಡಸಾಲೆ, ಒಳಗೆ ಅಡುಗೆ ಮನೆ, ದೇವರ ಮನೆ. ಬೆಳಗ್ಗೆ ತೆರೆದ ತಲೆಬಾಗಿಲು ಮುಚ್ಚುವುದು ಊಟ ಮುಗಿದ ಮೇಲೆಯೇ. ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ‘ಇವರ ಮನ್ಯಾಗ ಏನರ ಆಗೈತೇನು’ ಎಂದು ನಾಲ್ಕು ಜನ ಬಂದು ತಟ್ಟುತ್ತಾರೆ. ವೀರಣ್ಣನ ತಾಯಿ ದಾನಮ್ಮ ಈ ಓಣಿಯ ರಿವಾಜನ್ನು ರಕ್ತದಲ್ಲೇ ಪಡೆದು ಬಂದವರು. ಮೊದಲ ದಿನವೇ ಯಾರೋ ಪಾಸ್‌ವರ್ಡ್ ಕೇಳಿದರು, ಹೇಳಿದರು. ಮರುದಿನ ಮತ್ತೊಬ್ಬರು. ಮೂರನೆಯವರು ಬರುವಷ್ಟರಲ್ಲಿ ಮುದುಕಿಗೆ ಎದ್ದು ಬರುವುದು ಬೇಸರವಾಗಿ, ಸೀಮೆಸುಣ್ಣ ತೆಗೆದುಕೊಂಡು ತಲೆಬಾಗಿಲಿನ ಮೇಲೆ ಒಂದರಿಂದ ಎಂಟು ಅಂಕಿಗಳನ್ನು ದಪ್ಪಗೆ ಬರೆದೇಬಿಟ್ಟರು.

‘ಅತ್ತಿ, ಹಿಂಗ ಬಾಗಲಾ ಮ್ಯಾಲ ಬರೀತಾರೇನ್ರಿ?’ ಎಂದಳು ಸೊಸೆ.

‘ನೀರು ಕೇಳಿದವ್ರಿಗೆ ಇಲ್ಲ ಅಂತೀವೇನವಾ? ಇದೂ ಹಂಗ. ಅದೇನು ನಮ್ಮ ಬಾವ್ಯಾಗಿಂದು ಖಾಲಿ ಆಗತೈತೇನು?’

ಕಟ್ಟೆಯ ಮೇಲೆ ಜನ ತುಂಬಿದರು. ಆಟೊ ಓಡಿಸುವ ಮಹಾಂತೇಶ ಊಟದ ಹೊತ್ತಿಗೆ ಅಲ್ಲೇ ಕೂತು ಫೋನಿನಲ್ಲಿ ಕುಸ್ತಿ ನೋಡುತ್ತಿದ್ದ. ಒಮ್ಮೊಮ್ಮೆ ಅವನೊಬ್ಬನೇ ನನ್ನ ಅರ್ಧ ಶಕ್ತಿ ಹೀರುತ್ತಿದ್ದ. ನಾನು ಬೈದುಕೊಂಡೇ ದುಡಿದೆ.

ಈಗ ಸೊಸೆಯ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟು ಮಾತಾಡುತ್ತಿರುವುದೇ ಅವಳ ಸಲುವಾಗಿ. ಅವಳ ಹೆಸರು ನೀಲಗಂಗಾ. ಮದುವೆಗೆ ಮೊದಲು ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಮದುವೆಯಾದ ಮೇಲೆ ‘ಮೈದಾನದಾಗ ಸೀಟಿ ಊದಕೋಂತ ಓಡೂದು ನಮ್ಮ ಮನಿತನಕ್ಕ ಒಪ್ಪೂದಿಲ್ಲ’ ಎಂದು ವೀರಣ್ಣನ ಚಿಕ್ಕಪ್ಪ ಗುರುಪಾದಪ್ಪ ತಕರಾರು ತೆಗೆದು ಆ ಕೆಲಸ ಬಿಡಿಸಿದ್ದರು. ಅವಳು ಬಹಳ ದಿನ ಸುಮ್ಮನಿದ್ದಳು. ನಾನು ಬಂದ ಮೇಲೆ ಒಂದು ಬೆಳಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಕ್ಲಾಸು ಶುರು ಮಾಡಿದಳು. ಮೊಣಕಾಲು ನೋವಿನವರು, ಬೆನ್ನು ಹಿಡಿದವರು, ಬಾಣಂತನ ಮುಗಿಸಿ ಮೈ ಭಾರವಾದವರು, ಎಲ್ಲ ಹೆಂಗಸರೇ. ‘ಉಸರು ತಗೋರಿ, ಹಿಡೀರಿ, ಬಿಡ್ರಿ. ಏ ಸುಧಾ ಅವರ, ಮೊಣಕಾಲು ಮಡಚಬ್ಯಾಡ್ರಿ, ನನಗ ಕಾಣತೈತಿ!’ ಎಂದು ಅವಳು ಕೂಗಿದರೆ ಅದನ್ನು ಹೊತ್ತು ಹತ್ತಾರು ಮನೆಗೆ ಮುಟ್ಟಿಸುವುದು ನಾನು. ಅವರೆಲ್ಲ ಅವಳನ್ನು ‘ಟೀಚರ್’ ಅನ್ನುತ್ತಿದ್ದರು. ಕಳೆದುಕೊಂಡಿದ್ದ ಆ ಹೆಸರು ನನ್ನ ಮೂಲಕ ವಾಪಸು ಬಂತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹೀಗಿರುವಾಗ ದಾನಮ್ಮ ಮನೆಯಲ್ಲಿ ಒಬ್ಬರೇ ಇದ್ದಾಗ ಕಾಲು ಜಾರಿ ಬಿದ್ದರು. ಪೆಟ್ಟೇನೂ ಆಗಲಿಲ್ಲ, ಆದರೆ ವೀರಣ್ಣ ಹೆದರಿದ. ಅಗ್ಗದ ಕ್ಯಾಮೆರಾವೊಂದನ್ನು ತಂದು ಪಡಸಾಲೆಯ ಮೂಲೆಯಲ್ಲಿ ಎತ್ತರಕ್ಕೆ ಹೊಡೆದ. ಡಿಪೋದಲ್ಲಿ ಕೂತೇ ಅವ್ವ ಎದ್ದಳೋ ಕೂತಳೋ ನೋಡಬಹುದು ಎಂದು ಎಲ್ಲರಿಗೂ ತೋರಿಸಿ ಹಿಗ್ಗಿದ. ಆ ಕ್ಯಾಮೆರಾದ ಕೀಲಿಯೂ ಕಾರ್ಖಾನೆಯಿಂದ ಬಂದಿದ್ದೇ. ಅದರ ಕಣ್ಣು ನೇರವಾಗಿ ನೀಲಗಂಗಾಳ ಚಾಪೆಯ ಮೇಲಿತ್ತು. ಮನೆಯವರೇ ನೋಡುವುದಲ್ಲವೇ ಎಂದು ಅವಳೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ನೀವು ಉಣ್ಣುವಾಗ, ಮಲಗುವಾಗ, ಜಗಳವಾಡುವಾಗ ನನ್ನ ಹೊರಬಾಗಿಲನ್ನು ಯಾರೋ ತಟ್ಟುತ್ತಲೇ ಇರುತ್ತಾರೆ. ಅವರು ಎದುರು ಮನೆಯವರಲ್ಲ. ಎಲ್ಲೆಲ್ಲಿಯವರೋ. ಬಹುಪಾಲು ಮನುಷ್ಯರೂ ಅಲ್ಲ, ಮನುಷ್ಯರು ಬಿಟ್ಟ ಯಂತ್ರಗಳು. ಯಾರ ಮನೆ ಅಂತ ಅವಕ್ಕೆ ಬೇಕಾಗಿಲ್ಲ, ಯಾವ ಬಾಗಿಲು ಸಡಿಲ ಅನ್ನುವುದಷ್ಟೇ ಬೇಕು. ಎಷ್ಟೋ ತಪ್ಪು ಕೀಲಿ ಹಿಡಿದು ಬಂದವರನ್ನು ನಾನು ಮುಖಕ್ಕೆ ಹೊಡೆದ ಹಾಗೆ ವಾಪಸು ಕಳಿಸಿದೆ. ಕೊನೆಗೆ ಒಬ್ಬ ಬಂದು ‘ಅಡ್ಮಿನ್’ ಅಂದ. ಸರಿಯಾದ ಕೀಲಿ ಹಾಕಿದರೆ ಬೀಗ ತೆರೆಯಲೇಬೇಕು, ಹಾಗೇ ಮಾಡಿದ್ದಾರೆ ನನ್ನನ್ನು. ಅವನು ಒಳಗೆ ಬಂದ. ಅತ್ತ ಇತ್ತ ನೋಡಿದ. ಕ್ಯಾಮೆರಾದ ಹತ್ತಿರ ಹೋಗಿ ಕೂತ.

ನಾನು ಸಿಟ್ಟಿಗೆ ದೀಪಗಳನ್ನು ಮಿಟಮಿಟ ಮಿಟುಕಿಸಿದೆ. ನನಗಿರುವ ಬಾಯಿ ಅದೊಂದೇ. ದಾನಮ್ಮ ಅಕ್ಕಿ ಆರಿಸುತ್ತಾ ತಲೆ ಎತ್ತಿ ನೋಡಿದರು. ‘ಡಬ್ಬಿ ಇವತ್ತ ಭಾಳ ಹುರುಪಿಲೆ ಮಿಂಚಾಕತ್ತೈತಿ. ನೆಟ್ ಜೋರ ಬಂದೈತಿ ಕಾಣತೈತಿ’ ಎಂದರು.

ಮುಂದಿನ ವಾರ, ಕ್ಲಾಸು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ ನೀಲಗಂಗಾಳ ಫೋನಿಗೆ ಫೋಟೋಗಳು ಬಂದವು. ಅವಳದೇ ಫೋಟೋ. ಬಗ್ಗಿದ್ದು, ಮಲಗಿ ಕಾಲೆತ್ತಿದ್ದು, ಬೆವರಿ ಟೀ ಶರ್ಟು ಮೈಗೆ ಅಂಟಿದ್ದು. ಮೇಲಿನಿಂದ ಹಿಡಿದಿದ್ದು. ಕೆಳಗೆ ಹರಕು ಹಿಂದಿಯಲ್ಲಿ ಬರೆದಿತ್ತು: ಇವೆಲ್ಲ ನನ್ನ ಹತ್ತಿರ ಇವೆ, ಬೇರೆಯವೂ ಇವೆ. ದುಡ್ಡು ಕಳಿಸು. ಇಲ್ಲದಿದ್ದರೆ ಬರುವ ಸೋಮವಾರ ನಿನ್ನ ಕ್ಲಾಸಿನ ಹೆಂಗಸರಿಗೆ, ಅವರ ಗಂಡಂದಿರಿಗೆ, ನಿನ್ನ ಊರಿಗೆಲ್ಲ ಹೋಗುತ್ತವೆ. ಕ್ಯಾಮೆರಾದ ಕಣ್ಣಿನಿಂದಲೇ ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಅವಳ ನಂಬರನ್ನು ಓದಿಕೊಂಡಿದ್ದ, ಹಾಗೇ ಕದ್ದು ಓದಿದ ನಾಲ್ಕಾರು ಹೆಂಗಸರ ಹೆಸರನ್ನೂ ಸೇರಿಸಿದ್ದ.

ಅವಳು ಚಾಪೆಯ ಮೇಲೆ ಕೂತೇ ಇದ್ದಳು. ಫೋನನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಮರುದಿನ ಕ್ಲಾಸಿನಲ್ಲಿ ‘ಬಗ್ರಿ’ ಅನ್ನಲು ಅವಳಿಗೆ ಬಾಯೇ ಬರಲಿಲ್ಲ. ತಲೆನೋವು ಎಂದು ನಡುವೆಯೇ ನಿಲ್ಲಿಸಿದಳು. ಮೈದಾನದಲ್ಲಿ ಸೀಟಿ ಊದಿದ ಹೆಣ್ಣು ತನ್ನ ಮನೆಯಲ್ಲೇ ಗೋಡೆಗೆ ಅಂಟಿಕೊಂಡು ಓಡಾಡುವುದನ್ನು ನಾನು ನೋಡಿದೆ. ಆ ನೋವು ನನಗೂ ಆಯಿತು. ನನ್ನ ಬೆನ್ನ ಹಿಂದೆ ಇದ್ದವಳಿಗೇ ಹೀಗಾಗಿತ್ತು.

ಸಂಜೆ ಗಂಡನಿಗೆ ಹೇಳಿದಳು. ವೀರಣ್ಣ ಕೆಟ್ಟವನಲ್ಲ, ಆದರೆ ಸಿಟ್ಟು ಬಂದರೆ ಹತ್ತಿರ ಸಿಕ್ಕವರ ಮೇಲೆ ತೀರಿಸುವವ. ‘ಕಟ್ಟಿ ಮ್ಯಾಲ ಕುಂತು ನಮ್ಮ ವೈಫೈ ತಿನ್ನಾಂವ ಆ ಮಹಾಂತೇಶ. ಅವನ ಮಾಡ್ಯಾನ ಇದನ್ನ!’ ಎಂದು ಚಪ್ಪಲಿ ಮೆಟ್ಟಿದ. ನೀಲಗಂಗಾ ಅಡ್ಡ ನಿಂತಳು. ‘ನೀವು ಅವನ ಕೊಳ್ಳಪಟ್ಟಿ ಹಿಡಿದ್ರ ಓಣಿ ತುಂಬ ಗೊತ್ತಾಗತೈತಿ. ಅಂವ ಅಲ್ಲ ಅಂತಾದ್ರ ಏನ್ ಮಾಡ್ತೀರಿ?’ ಎಂದಳು. ವೀರಣ್ಣ ಚಪ್ಪಲಿ ಬಿಟ್ಟ, ಅನುಮಾನ ಬಿಡಲಿಲ್ಲ.

ಗುರುಪಾದಪ್ಪ ಕಾಕಾ ಬಂದರು. ವಿಷಯ ಕೇಳಿ ಕುರ್ಚಿಯ ಕೈ ಮೇಲೆ ಗುದ್ದಿದರು. ‘ನಾ ಮದಲ ಹೇಳಿದ್ನಿ, ಇದೆಲ್ಲ ಬ್ಯಾಡ ಅಂತ. ಈಗ ಅಂವ ಕೇಳಿದ್ದು ಕೊಟ್ಟು ಕೈ ತೊಳಕೊಳ್ರಿ. ಕ್ಲಾಸು ಬಂದ್. ನೆಟ್ ಬಂದ್. ಮಂದಿಗೆ ಗೊತ್ತಾದ್ರ ನಾವು ಹೊರಗ ಮುಖಾ ಹೆಂಗ ತೋರಸೂದು?’ ಎನ್ನುತ್ತಾ ಎದ್ದು ಬಂದು ನನ್ನ ವೈರನ್ನು ಹಿಡಿದು ಎಳೆದರು. ‘ಬರೀ ಒಂದು ಡಬ್ಬಿ, ಇದಕ್ಕ ಮನಿತನಾನ ಒತ್ತಿ ಇಡಬೇಕೇನು?’

ನನ್ನ ದೀಪಗಳು ಆರಿದವು. ದೀಪ ಆರಿದರೂ ನನ್ನ ಕಿವಿ ಮುಚ್ಚುವುದಿಲ್ಲ. ದಾನಮ್ಮ ಅಳುವುದು ಕೇಳಿಸಿತು. ‘ನಾ ಬಾಗಲಾ ಮ್ಯಾಲ ಬರದೆ. ನನ್ನಿಂದ ಆತು’ ಎಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆಮೇಲೆ ಹೆಜ್ಜೆ ಸಪ್ಪಳ. ಯಾರೋ ವೈರನ್ನು ಎತ್ತಿಕೊಂಡರು. ನನಗೆ ಮತ್ತೆ ಜೀವ ಬಂತು. ಎದುರಿಗೆ ನೀಲಗಂಗಾ ನಿಂತಿದ್ದಳು.

‘ಕಾಕಾ, ಡಬ್ಬಿ ತಪ್ಪು ಮಾಡಿಲ್ಲ. ಅತ್ತಿ ಮಾಡಿಲ್ಲ. ನಾನೂ ಮಾಡಿಲ್ಲ. ಕದ್ದಾಂವ ಒಬ್ಬ ಅದಾನ. ಅವನ್ನ ಬಿಟ್ಟು ನಾವ್ಯಾಕ ನಮ್ಮ ನಮ್ಮನ್ನ ಬಂದ್ ಮಾಡ್ಕೊಬೇಕು? ಒಂದು ಸಲ ಕೊಟ್ರ ಅಂವ ಮತ್ತ ಕೇಳ್ತಾನ. ನಾ ಒಂದು ಪೈಸಾನೂ ಕೊಡೂದಿಲ್ಲ.’

ವೈರಿನ ಮೇಲಿಂದ ಅವಳು ಕೈ ತೆಗೆಯಲಿಲ್ಲ. ಕಾಕಾ ‘ನಿನ್ನ ಹಣೆಬರಹ’ ಎಂದು ಎದ್ದು ಹೋದರು.

ಅವಳ ಕ್ಲಾಸಿನಲ್ಲಿ ರೆಹಾನಾ ಎಂಬವರಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು, ಕೂತು ಕೂತು ಬೆನ್ನು ಹಿಡಿದವರು. ಮನೆಯ ಹೊರಗೆ ನೀಲಗಂಗಾ ಮೊದಲು ಬಾಯಿ ಬಿಟ್ಟಿದ್ದು ಅವರ ಹತ್ತಿರ. ಮರುದಿನವೇ ಸ್ಕೂಟಿಯಲ್ಲಿ ಬಂದರು. ಒಳಗೆ ಬಂದವರೇ ಕ್ಯಾಮೆರಾದ ವೈರು ಕಿತ್ತರು. ಅದರ ಕಣ್ಣು ಆರಿದ್ದು ಕಂಡು ನನಗೆ ನಗು ಬಂತು.

‘ಅಂವ ಕಳಿಸಿದ್ದನ್ನ ಅಳಸಬ್ಯಾಡ್ರಿ ಟೀಚರ್, ಪೊಲೀಸ್ರಿಗೆ ತೋರಸಾಕ ಬೇಕಾಗತೈತಿ. ಉತ್ತರಾನೂ ಕೊಡಬ್ಯಾಡ್ರಿ’ ಎಂದು ಹೇಳಿ ನನ್ನ ಕಡೆ ತಿರುಗಿದರು. ‘ಇದರ ಯಜಮಾನನ ಪಾಸ್‌ವರ್ಡ್ ಏನಿಟ್ಟೀರಿ?’

ಹಾಗೊಂದು ಇದೆ ಅನ್ನುವುದೇ ಮನೆಯವರಿಗೆ ಗೊತ್ತಿರಲಿಲ್ಲ. ರೆಹಾನಾ ತಮ್ಮ ಲ್ಯಾಪ್‌ಟಾಪಿನಲ್ಲಿ ‘ಅಡ್ಮಿನ್’ ಎಂದು ಬರೆದರು. ನಾನು ತೆರೆದುಕೊಂಡೆ. ‘ನೋಡ್ರಿ, ನಾ ತಗದಂಗ ಅವನೂ ತಗದಾನ’ ಎಂದರು. ಮತ್ತೆ ಸ್ವಲ್ಪ ಹುಡುಕಿ ಆ ಸೋಮಾರಿ ತೆರೆದಿಟ್ಟಿದ್ದ ಹೊರಬಾಗಿಲನ್ನು ಕಂಡುಹಿಡಿದರು. ‘ಇಲ್ಲಿಂದ ಜಗತ್ತಿನ ಯಾವ ಮೂಲಿಯವರರ ಬರಬಹುದು. ಬಾಗಲಾ ಮ್ಯಾಲ ಬರದಿದ್ದು ತಪ್ಪ, ಆದ್ರ ಓಣಿ ಮಂದಿ ಮ್ಯಾಲ ಅನುಮಾನ ಪಡೂದೂ ತಪ್ಪ. ಯಾರೋ ದೂರ ಕುಂತ ಬಂದಾರ.’

ವೀರಣ್ಣ ಕಟ್ಟೆಯ ಕಡೆ ನೋಡಿದ. ಮಹಾಂತೇಶ ಏನೂ ತಿಳಿಯದೆ ಕುಸ್ತಿ ನೋಡುತ್ತಾ ತೊಡೆ ತಟ್ಟಿಕೊಳ್ಳುತ್ತಿದ್ದ. ವೀರಣ್ಣ ಒಳಗೆ ಹೋಗಿ ಒಂದು ಕಪ್ ಚಹಾ ತಂದು ಅವನ ಪಕ್ಕದಲ್ಲಿಟ್ಟ. ‘ಇದೇನಣ್ಣಾ ಇವತ್ತ?’ ಎಂದು ಅವನು ಕೇಳಿದ್ದಕ್ಕೆ ‘ಕುಡಿಯಪಾ ಸುಮ್ನ’ ಎಂದ.

ನನ್ನ ಬೆನ್ನಿನಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತಿದೆ. ಅದನ್ನು ಒತ್ತಿ ಹಿಡಿದರೆ ಕಲಿತದ್ದೆಲ್ಲ ಮರೆತು ಹುಟ್ಟಿದಾಗ ಹೇಗಿದ್ದೆನೋ ಹಾಗೆ ಆಗುತ್ತೇನೆ. ರೆಹಾನಾ ಒತ್ತಲು ಏನಾದರೂ ಚೂಪಾದದ್ದು ಕೇಳಿದರು. ದಾನಮ್ಮ ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟರು. ‘ಟೀಚರ್, ನೀವ ಒತ್ತರಿ. ಮುಂದ ನಿಮಗ ಬರಬೇಕಲ್ಲ’ ಎಂದರು ರೆಹಾನಾ. ನೀಲಗಂಗಾ ಹಲ್ಲು ಕಚ್ಚಿ ಒತ್ತಿದಳು, ಕಳ್ಳನ ಕಣ್ಣಿಗೇ ಚುಚ್ಚಿದ ಹಾಗೆ. ನಾನು ಎಲ್ಲ ಮರೆತೆ. ಈಗ ನಿಮಗೆ ಹೇಳುತ್ತಿರುವ ಹಿಂದಿನ ಕಥೆಯೂ ಆಮೇಲೆ ಅವರಿವರ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇ ಹೆಚ್ಚು.

ಆ ಮಧ್ಯಾಹ್ನ ನಾನು ಎರಡನೇ ಸಲ ಹುಟ್ಟಿದೆ. ಹೊರಬಾಗಿಲು ಮುಚ್ಚಿದರು. ನನ್ನನ್ನು ಮಾಡಿದವರು ದೋಷ ತಿದ್ದಿ ಕಳಿಸಿದ್ದ ಹೊಸ ತಂತ್ರಾಂಶವನ್ನು ಹಾಕಿದರು. ಯಜಮಾನನ ಕೀಲಿಯಾಗಿ ನೀಲಗಂಗಾ ಒಂದು ಉದ್ದನೆಯ ವಾಕ್ಯವನ್ನೇ ಇಟ್ಟಳು. ಅದೇನೆಂದು ಗಂಡನಿಗೂ ಹೇಳಲಿಲ್ಲ, ನಿಮಗೂ ಹೇಳುವುದಿಲ್ಲ. ಅವಳ ಫೋನಿಗೆ, ಮೇಲ್‌ಗೆ, ಬ್ಯಾಂಕಿನ ಖಾತೆಗೆ ಬೇರೆ ಬೇರೆ ಪಾಸ್‌ವರ್ಡ್ ಆಯಿತು. ಪಾಸ್‌ವರ್ಡ್ ಕದ್ದರೂ ಕೈಯಲ್ಲಿರುವ ಫೋನು ಒಪ್ಪದೆ ಒಳಗೆ ಬಿಡಬಾರದು ಎಂದು ಎರಡನೇ ಬೀಗವನ್ನೂ ಹಾಕಿದರು.

ದಾನಮ್ಮನಿಗೆ ಒಂದೇ ಚಿಂತೆ. ‘ಕೇಳಿದ ಮಂದಿಗೆ ಇಲ್ಲ ಅನ್ನೂದು ಹೆಂಗವಾ? ಈ ಮನ್ಯಾಗ ಆ ಮಾತ ಬಂದಿಲ್ಲ.’

‘ಅಜ್ಜಿ, ನಿಮ್ಮ ಕಟ್ಟಿ ಮ್ಯಾಲ ಯಾರರ ಬಂದು ಕುಂದರಬಹುದು. ಹೌದಲ್ರಿ?’ ಎಂದರು ರೆಹಾನಾ.

‘ಹೂಂ ಮತ್ತ. ಕಟ್ಟಿ ಇರೂದ ಅದಕ್ಕ.’

‘ಹಂಗಂತ ಬಂದವ್ರು ಸೀದಾ ದೇವರ ಮನಿಗೆ ಹೋಗ್ತಾರೇನು?’

‘ಛೇ, ಹೆಂಗ ಹೋಗ್ತಾರ? ಕಾಲ ಮುರೀತೇನಿ.’

‘ಡಬ್ಬ್ಯಾಗೂ ಹಂಗ ಎರಡು ಮಾಡೂಣು. ಬಂದವ್ರಿಗೆ ಕಟ್ಟಿ ಬ್ಯಾರೆ, ನಿಮಗ ಒಳಗಿನ ಮನಿ ಬ್ಯಾರೆ.’

ಮುದುಕಿಯ ಮುಖ ಅರಳಿತು. ಇಷ್ಟು ಸರಳ ಮಾತನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಎಲ್ಲರಿಗೂ ಬೈದರು. ನನಗೆ ಎರಡು ಹೆಸರು ಬಂದವು: ‘ಕಟ್ಟಿ’ ಮತ್ತು ‘ಒಳಗಿನ ಮನಿ’. ಕಟ್ಟಿಯ ಮೇಲೆ ಕೂತವರು ಇಂಟರ್ನೆಟ್ ಬಳಸಬಹುದು, ಒಳಗಿನ ಸಾಮಾನುಗಳನ್ನು ಇಣುಕಿಯೂ ನೋಡುವಂತಿಲ್ಲ. ದಾನಮ್ಮ ಬಾಗಿಲಿನ ಮೇಲಿನ ಅಂಕಿಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದರು.

ಇಷ್ಟೆಲ್ಲ ಆಯಿತು, ಆದರೆ ಬೀಗ ಹಾಕಿದರೆ ಮುಂದಿನ ಕಳ್ಳತನ ನಿಲ್ಲುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ. ಫೋಟೋಗಳು ಅವನ ಹತ್ತಿರ ಇದ್ದೇ ಇದ್ದವು. ಸೋಮವಾರ ಹತ್ತಿರ ಬರುತ್ತಿತ್ತು. ಪೊಲೀಸ್ ಠಾಣೆಯಲ್ಲಿ ದೂರು ಬರೆಸಿಕೊಂಡರು, ದುಡ್ಡು ಮಾತ್ರ ಕಳಿಸಬೇಡಿ ಎಂದು ಹೇಳಿ ಕಳಿಸಿದರು. ಅವನು ಸಿಗುತ್ತಾನೋ ಇಲ್ಲವೋ, ಯಾವಾಗ ಸಿಗುತ್ತಾನೋ ಯಾರೂ ಹೇಳಲಾರರು. ಕ್ಲಾಸಿನ ಹೆಂಗಸರು ಗುಂಪು ಬಿಟ್ಟರೆ, ಅವರ ಮನೆಯವರು ಬಿಡಿಸಿದರೆ, ‘ಟೀಚರ್’ ಅನ್ನುವ ಹೆಸರು ಎರಡನೇ ಸಲ ಹೋಗುತ್ತದೆ. ಮತ್ತೆ ಅದು ಬರುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾನುವಾರ ನಳ ಬರುವ ದಿನ. ನಮ್ಮ ಓಣಿಗೆ ನೀರು ದಿನಾಲೂ ಬರುವುದಿಲ್ಲ, ಬಂದ ದಿನ ಮನೆಯಲ್ಲಿ ಒಬ್ಬರೂ ಒಳಗಿರುವುದಿಲ್ಲ. ಕೊಡ, ಬಕೀಟು, ಡ್ರಮ್ಮುಗಳ ಸಪ್ಪಳ, ಪಾಳಿಯ ಜಗಳ, ಇಡೀ ಓಣಿ ಬೀದಿಯಲ್ಲಿ. ನಾನು ಕಿಟಕಿಯ ಪಕ್ಕದಲ್ಲೇ ಇದ್ದೆ, ಎಲ್ಲ ಕಾಣುತ್ತಿತ್ತು. ನೀಲಗಂಗಾ ಕೊಡ ಬಿಟ್ಟು ಫೋನೊಂದನ್ನೇ ಹಿಡಿದು ಹೊರಗೆ ಹೋದಳು. ಕಟ್ಟೆ ಹತ್ತಿದಳು. ಶಾಲೆಯ ದಿನಗಳಿಂದ ಎತ್ತಿಟ್ಟಿದ್ದು ಇವತ್ತು ಕೊರಳಿಗೆ ಹಾಕಿಕೊಂಡಿದ್ದ ಸೀಟಿಯನ್ನು ಬಾಯಿಗಿಟ್ಟು ಒಂದು ಊದಿದಳು ನೋಡಿ, ನಳದ ಬುಡದಲ್ಲಿದ್ದ ಕೊಡ ತುಂಬಿ ಚೆಲ್ಲಿದರೂ ಯಾರೂ ಎತ್ತಲಿಲ್ಲ.

‘ಎಲ್ಲಾರೂ ಕೇಳ್ರಿ. ಒಬ್ಬ ಕಳ್ಳ ನಮ್ಮ ಮನಿ ಕ್ಯಾಮೆರಾದಾಗಿಂದ ನನ್ನ ಫೋಟೋ ಕದ್ದಾನ. ನಾ ಕ್ಲಾಸ್ ಮಾಡೂವಾಗಿನ ಫೋಟೋ. ದುಡ್ಡು ಕೊಡದಿದ್ರ ನಾಳೆ ಎಲ್ಲಾರಿಗೂ ಕಳಸ್ತೇನಿ ಅಂದಾನ. ಅಂವ ಬರದಿದ್ದನ್ನ ಓದತೇನಿ.’

ಓದಿದಳು. ಹರಕು ಹಿಂದಿಯನ್ನು ಒಂದಕ್ಷರ ಬಿಡದೆ ಓದಿ, ಕನ್ನಡದಲ್ಲೂ ಹೇಳಿದಳು. ‘ಅವನ ಕೈಯಿಂದ ನೋಡೂದು ಬ್ಯಾಡ, ನನ್ನ ಕೈಯಿಂದ ನೋಡ್ರಿ’ ಎಂದು ಫೋನನ್ನು ಎದುರಿಗೆ ಹಿಡಿದಳು.

ನನ್ನ ಒಳಗಿನ ಬಿಸಿ ಏರಿತು. ಆಗ ಹೂ ಮಾರುವ ಚಂಪವ್ವಜ್ಜಿ ಸೊಂಟದ ಕೊಡ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ, ಫೋನಿನ ಹತ್ತಿರ ಮೂಗು ತಂದಳು. ‘ಇದೇನವಾ, ಕಾಲ ಮ್ಯಾಲೆತ್ತಿ ಮಲಗಿದ್ದು? ಇದನ್ನ ಮಾಡಿದ್ರ ನನ್ನ ಟೊಂಕ ಸರಿ ಆಗತೈತೇನು?’

‘ಆಗತೈತಿ ಆಯಿ.’

‘ಮತ್ತ ನನಗ ಯಾಕ ಹೇಳಿಲ್ಲ ಇಷ್ಟ ದಿನಾ? ಈ ಕಳ್ಳನ ಮಗ ಹೇಳಬೇಕಾತೇನು?’

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಓಣಿಯೇ ನಕ್ಕಿತು. ಮಹಾಂತೇಶ ಮಾತ್ರ ನಗಲಿಲ್ಲ. ‘ಆ ಮಗನ ನಂಬರ್ ಕೊಡ್ರಿ ಅಕ್ಕಾರ’ ಎಂದು ತೋಳು ಮಡಚಿದ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಕಟ್ಟೆಯ ಮೇಲೆ ಕೂತು ಅದೇ ಫೋಟೋಗಳನ್ನು, ಏನಾಯಿತೆಂದು ಬರೆದು, ಕ್ಲಾಸಿನ ಗುಂಪಿಗೆ, ತವರಿಗೆ, ಗುರುಪಾದಪ್ಪ ಕಾಕಾರಿಗೂ ಕಳಿಸಿದಳು. ಒಂದೊಂದೂ ನನ್ನ ಮೂಲಕವೇ ಹೋಯಿತು. ನಾನು ಅಷ್ಟು ಹೆಮ್ಮೆಯಿಂದ ಯಾವ ಹೊರೆಯನ್ನೂ ಹೊತ್ತಿಲ್ಲ. ಎಲ್ಲವೂ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ಕೆಲವರು ಮಾತಿಲ್ಲದೆ ಗುಂಪು ಬಿಟ್ಟರು. ಮೊಣಕಾಲು ಮಡಚುತ್ತಿದ್ದ ಸುಧಾ ‘ನಮ್ಮ ಮನ್ಯಾಗ ಬ್ಯಾಡ ಅಂತಾರ ಟೀಚರ್’ ಎಂದು ಅಳುತ್ತಾ ಧ್ವನಿ ಕಳಿಸಿದಳು, ಮತ್ತೆ ಬರಲೇ ಇಲ್ಲ. ಆ ದಿನ ನೀಲಗಂಗಾ ಅಡುಗೆ ಮನೆಯಲ್ಲಿ ಕೂತು ಅತ್ತಳು. ದಾನಮ್ಮ ಅವಳ ತಲೆ ನೇವರಿಸುತ್ತಾ ಕೂತಿದ್ದರು.

ಸೋಮವಾರ ಕಳ್ಳ ಹೇಳಿದ ಹಾಗೆ ಮಾಡಿದ. ಗುಂಪಿನ ಹೆಂಗಸರನ್ನು ಹುಡುಕಿ ಹುಡುಕಿ ಒಬ್ಬೊಬ್ಬರಿಗೆ ಫೋಟೋ ಕಳಿಸಿದ. ಉತ್ತರ ಕೊಡಬೇಡಿ ಎಂದು ರೆಹಾನಾ ತಲೆ ಚಚ್ಚಿಕೊಂಡು ಹೇಳಿದ್ದರು. ಅವರು ಕೇಳಬೇಕಲ್ಲ! ‘ಇದು ನಮಗ ನಿನ್ನೇನ ಬಂದೈತಿ’ ಎಂದು ಒಬ್ಬರು ಬರೆದರು. ‘ಮೂರನೇದ್ದು ಮಸುಕ ಬಂದೈತಿ, ಟೀಚರ್ ಕಳಿಸಿದ್ದು ಚಂದ ಐತಿ’ ಎಂದು ಇನ್ನೊಬ್ಬರು ಬರೆದರು. ಆಮೇಲೆ ಎಲ್ಲರೂ ಅವನ ನಂಬರಿಗೆ ಬಾಗಿಲು ಹಾಕಿದರು. ಅವನು ಮತ್ತೆ ಕಾಣಿಸಲಿಲ್ಲ. ಸಿಕ್ಕಿಬೀಳಲೂ ಇಲ್ಲ, ಆ ಹೊಟ್ಟೆಯುರಿ ನನಗೆ ಇದ್ದೇ ಇದೆ. ಮಂಗಳವಾರ ಬೆಳಗ್ಗೆ ನೀಲಗಂಗಾ ಪಡಸಾಲೆಯಲ್ಲಿ ಮತ್ತೆ ಚಾಪೆ ಹಾಸಿದಳು. ಈ ಸಲ ಅವಳ ಪಕ್ಕದಲ್ಲೇ ಚಂಪವ್ವಜ್ಜಿ ಕಚ್ಚೆ ಬಿಗಿದು ನಿಂತಿದ್ದಳು.

ಮುಂದೆ ಎಷ್ಟೋ ಕಾಲ ನಾನು ಆ ಮನೆಯನ್ನು ಕಾದೆ. ತಟ್ಟುವವರು ತಟ್ಟುತ್ತಲೇ ಇದ್ದರು. ಒಬ್ಬ ಬಂದು ‘ಅಡ್ಮಿನ್’ ಅನ್ನುತ್ತಿದ್ದ. ಹೋಗೋ ಹೋಗು ಅನ್ನುತ್ತಿದ್ದೆ. ಇನ್ನೊಬ್ಬ ಒಂದರಿಂದ ಎಂಟು ಎಣಿಸುತ್ತಿದ್ದ. ಎಣಿಸುವುದು ಕಲಿತಿದ್ದೀಯಲ್ಲ, ಶಾಲೆಗೆ ಹೋಗು ಅನ್ನುತ್ತಿದ್ದೆ. ಅಂಥ ಸುಖದ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ವಯಸ್ಸಾಯಿತು. ನನ್ನನ್ನು ಮಾಡಿದವರು ಹೊಸ ತಂತ್ರಾಂಶ ಕಳಿಸುವುದನ್ನು ನಿಲ್ಲಿಸಿದರು. ಇನ್ನು ಗೋಡೆ ಬಿರುಕು ಬಿಟ್ಟರೆ ಮುಚ್ಚುವವರಿಲ್ಲ, ಇಂಥದ್ದನ್ನು ಇಟ್ಟುಕೊಳ್ಳಬಾರದು ಎಂದು ರೆಹಾನಾ ಹೇಳಿದರು. ಅದು ನಿಜ, ನಾನು ಜಗಳ ತೆಗೆಯಲಿಲ್ಲ. ವೀರಣ್ಣ ಈ ಸಲ ಹೊಸದನ್ನೇ ತಂದ. ಹಳೇ ಸಾಮಾನಿನವನ ಚೀಲಕ್ಕೆ ಬೀಳುತ್ತೇನೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನೀಲಗಂಗಾ ನನ್ನನ್ನು ಗೋಡೆಯಿಂದ ಇಳಿಸಿ, ಹೊಟ್ಟೆಯಲ್ಲಿದ್ದದ್ದನ್ನು ಪೂರಾ ಅಳಿಸಿ, ಧೂಳು ಒರೆಸಿ, ಚಾಪೆಯ ಜೊತೆ ತನ್ನ ಚೀಲಕ್ಕೆ ಹಾಕಿಕೊಂಡಳು.

ಈಗ ನನಗೆ ದೀಪವಿಲ್ಲ, ತಂತಿಯಿಲ್ಲ. ರಜೆಯ ದಿನಗಳಲ್ಲಿ ಅವಳು ಕರೆದವರ ಓಣಿಗೆ ಹೋಗುತ್ತಾಳೆ. ಮೊದಲು ಹೆಂಗಸರ ಮೈಕೈ ಬಗ್ಗಿಸಿ, ಆಮೇಲೆ ತನ್ನ ಕಥೆ ಹೇಳಿ, ಅಳಿಸಿಹೋದದ್ದನ್ನು ನನಗೂ ನೆನಪಿಸುತ್ತಾ, ನನ್ನನ್ನು ಮಗುಚಿ ತೋರಿಸುತ್ತಾಳೆ. ಕೀಲಿ ಎಲ್ಲಿ ಬರೆದಿರುತ್ತದೆ, ಯಾಕೆ ಬದಲಿಸಬೇಕು, ಪಿನ್ನು ಎಲ್ಲಿ ಚುಚ್ಚಬೇಕು. ಸಾವಿರ ಕೈ ತಿರುವಿ ನನ್ನ ಒಂದು ಕೊಂಬು ಮುರಿದಿದೆ. ಸೊಕ್ಕು ಮುರಿದಿಲ್ಲ. ಗುಜರಿಯಲ್ಲಿ ಕೂತು ನಿಟ್ಟುಸಿರು ಬಿಡುವ ಮುದಿತನ ನನಗೆ ಬೇಡ, ಅದು ಬಂದೂ ಇಲ್ಲ.

ಮೊನ್ನೆ ಹುಬ್ಬಳ್ಳಿಯ ಒಂದು ಮನೆಗೆ ಹೋಗಿದ್ದೆವು. ಪಡಸಾಲೆ ತುಂಬ ಹೆಂಗಸರು. ನೀಲಗಂಗಾ ತನ್ನ ಕಥೆಯನ್ನು ಹೇಳುತ್ತಿದ್ದಾಗ ಕಂಬದ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಫೋನನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಂಗೈ ಒತ್ತಿ ಹಿಡಿಯುವ ಆ ರೀತಿ ನನಗೆ ಗೊತ್ತು. ನೀಲಗಂಗಾಳೂ ನೋಡಿದಳು, ಕಥೆ ಮುಂದುವರಿಸಿದಳು. ಮಾತು ಮುಗಿದು ಎಲ್ಲರೂ ಏಳುವಾಗ ಕಂಬದ ಪಕ್ಕದವಳು ಎದ್ದು ನಿಂತಳು.

‘ನನಗೂ ಬಂದೈತ್ರಿ’ ಎಂದಳು. ‘ಎರಡು ಸಲ ಕೊಟ್ಟೇನಿ. ಮತ್ತ ಕೇಳಾಕತ್ತಾನ.’

ಏಳುತ್ತಿದ್ದವರು ಕೂತರು. ಅವಳ ಅತ್ತೆ ಅಲ್ಲೇ ಬಾಗಿಲ ಬಳಿ ಕುರ್ಚಿಯಲ್ಲಿದ್ದರು, ದೊಡ್ಡ ಕುಂಕುಮ, ಬಿಗಿದ ತುಟಿ. ಅವಳು ಅತ್ತೆಯ ಕಡೆ ನೋಡಲಾರದೆ ನೆಲ ನೋಡುತ್ತಾ, ಕೇಳಿಯೂ ಕೇಳದ ದನಿಯಲ್ಲಿ ಆ ಬೆದರಿಕೆಯನ್ನು ಓದಿದಳು. ಮುಗಿಯಿತು.

ಅತ್ತೆ ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕಕ್ಕೆ ಬಂದು ಕೂತರು.

‘ನನಗ ಸರಿ ಕೇಳಿಸಲಿಲ್ಲ’ ಎಂದರು. ‘ಇನ್ನೊಮ್ಮೆ ಓದವಾ, ಜೋರಾಗಿ.’

ಅವಳು ತಲೆ ಎತ್ತಿದಳು. ಇನ್ನೊಮ್ಮೆ ಓದಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು.